ಬತ್ತೆ ಅಂದವನಿಗೆ ಕಾದ ಮೀನು

ಹೆಂಡತಿಯ ತಂಗಿ ಸಂಜೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದವಳು, ಕೋಟು ಕಳಚುವ ಮೊದಲೇ ನನ್ನನ್ನು ಹಿಡಿದುಕೊಂಡಳು.

"ಬಾವ, ಆ ಮ್ಯೂಸಿಯಮ್ಮಿನ್ ಅಜ್ಜಿ ಹತ್ರ ನೀವ್ ಎಂತ ಹೇಳಿ ಬಂದದ್?"

"ಎಂತದೂ ಇಲ್ಲೆ. ಹೊರಡ್ವತಿಗೆ ಬತ್ತೆ ಅಂದೆ, ಅಷ್ಟೇ."

"ಅದೇ ಆದದ್ದ್ ಕಾಣಿ! ಅವ್ರ್ ನಿನ್ನೆಯಿಂದ ಕಾಯ್ತಾ ಇದ್ರಂಬ್ರ್. ನಿಮ್ಗೆ ತೋರ್ಸುಕೆ ಅಂತ ದೂರದ್ ಬಂದ್ರಿಂದ ಒಂದ್ ಪೆಟ್ಗಿ ಮೀನ್ ತರ್ಸಿ ಇಟ್ಕಂಡಿದ್ರಂಬ್ರ್. ಬೇಕ್ರಿಯಲ್ಲಿ ಕೇಂಡ್ರೂ ಇದೇ ಸುದ್ದಿ, ಔಷ್ಧಿ ಅಂಗ್ಡಿಯಲ್ಲಿ ಕೇಂಡ್ರೂ ಇದೇ ಸುದ್ದಿ."

ನನ್ನ ಹೆಂಡತಿ ಮೊದಲು ಪಕ್ಕನೆ ನಕ್ಕಳು. ಆಮೇಲೆ ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ. ನಿನ್ನೆ ಬಂದ ಮೀನು, ಅದಕ್ಕೂ ಮೊದಲು ಲಾರಿಯಲ್ಲಿ ಕಳೆದ ಹೊತ್ತು, ಅದರ ಮೇಲೆ ಎಷ್ಟು ಐಸು ಬಿದ್ದಿದೆಯೋ ದೇವರೇ ಬಲ್ಲ.

ನಮ್ಮ ಕಡೆ ಹೊರಡುವಾಗ ಹೋಗುತ್ತೇನೆ ಎನ್ನುವ ಪದ್ಧತಿ ಇಲ್ಲ. ಹೋಗುತ್ತೇನೆ ಎಂದರೆ ಅದು ತಿರುಗಿ ಬಾರದವನ ಮಾತು, ಮನೆಯ ಹಿರಿಯರು ಕೇಳಿದರೆ ಬೈದೇ ಬಿಡುತ್ತಾರೆ. ಚಪ್ಪಲಿ ಮೆಟ್ಟುತ್ತ ‘ಬತ್ತೆ’, ಅಂದರೆ ಬರುತ್ತೇನೆ, ಎಂದು ಹೇಳಬೇಕು, ಒಳಗಿದ್ದವರು ‘ಆಯ್ತ್, ಬನಿ’ ಎನ್ನಬೇಕು. ಅಲ್ಲಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆ ಮನೆ ಕಡೆ ತಲೆ ಹಾಕದಿದ್ದರೂ ಯಾರೂ ಜಗಳಕ್ಕೆ ಬರುವುದಿಲ್ಲ. ನಾನು ಆ ಅಜ್ಜಿಗೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದೆ. ಆಕೆ ಅದನ್ನು ಇಂಗ್ಲಿಷಿನಲ್ಲೇ ಕೇಳಿಸಿಕೊಂಡಿದ್ದಳು.

ನಾನು ಕುಂದಾಪ್ರದ ಹತ್ತಿರ ಕೋಟದ ಕಡೆಯ, ದೇವಸ್ಥಾನದ ಪೂಜೆಯ ಮನೆಯವನು. ಮೀನು ತಿನ್ನುವವನಲ್ಲ. ಆದರೆ ಇಷ್ಟು ವರ್ಷ ನನ್ನನ್ನು ಸಾಕಿದ್ದು ಮೀನೇ. ಗಂಗೊಳ್ಳಿ ಬಂದರಿನ ಹತ್ತಿರ ನನ್ನದೊಂದು ಐಸ್ ಪ್ಲಾಂಟ್ ಇದೆ. ಅದನ್ನು ಶುರು ಮಾಡಿದಾಗ ನೆಂಟರಿಷ್ಟರು ಮೂಗು ಮುರಿದರು. ಅಪ್ಪಯ್ಯ ಮಾತ್ರ "ಐಸ್ ಅಂದ್ರೆ ಎಂತ? ನೀರ್. ನೀರಿಗೆ ಎಲ್ಲಿ ಮೈಲಿಗೆ?" ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಸಲಿಕೆಯಲ್ಲಿ ಎತ್ತಿ ಐಸು ಸುರಿದದ್ದಕ್ಕೆ ಲೆಕ್ಕವಿಲ್ಲ. ಕಿವಿರು ನೋಡಿ ಮೀನು ಎಷ್ಟು ಹೊತ್ತಿನದು ಎಂದು ಹೇಳಬಲ್ಲೆ. ಆದರೂ ಒಂದು ಮೀನನ್ನು ಬರಿಗೈಯಲ್ಲಿ ಹಿಡಿದವನಲ್ಲ. ಎಲ್ಲಿಯೋ ಒಂದು ಗೆರೆ ಎಳೆದುಕೊಂಡಿದ್ದೆ, ಅದನ್ನು ದಾಟುವ ಪ್ರಸಂಗ ಬಂದಿರಲಿಲ್ಲ.

ಈಚೆಗೆ ನಮ್ಮಲ್ಲಿ ಬೈಗೆ, ಪೇಟೆಯವರು ಬೂತಾಯಿ ಎನ್ನುವ ಮೀನು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೋಟುಗಳು ಬಂದರಿನ ಧಕ್ಕೆಗೆ ಕಟ್ಟಿ ನಿಂತ ದಿನ ಐಸು ಪುಡಿ ಮಾಡುವ ನನ್ನ ಕ್ರಷರ್ ಕೂಡ ಬಾಯಿ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ ನರ್ಸ್ ಆಗಿರುವ ನಾದಿನಿ "ನಾನ್ ಇಪ್ಪು ಊರ್ ಒಂದ್ ಕಾಲ್ದಲ್ ದೊಡ್ ಮೀನಿನ್ ಬಂದ್ರಂಬ್ರ್ ಬಾವ, ಈಗ ಮೀನೇ ಇಲ್ಲೆ" ಎಂದು ಫೋನಿನಲ್ಲಿ ಹೇಳಿದಾಗ ನನಗೆ ಕುತೂಹಲ ತಡೆಯಲಾಗಲಿಲ್ಲ. ಮೀನಿಲ್ಲದ ಬಂದರು ಬೆಳಗಾದರೆ ಎಂತ ಮಾಡುತ್ತದೆ? ಅಲ್ಲಿ ಐಸಿನವನು ಏನಾದ? ಹೆಂಡತಿಗೆ ತಂಗಿಯನ್ನು ನೋಡುವ ಆಸೆ, ನನಗೆ ಇದು. ಹೀಗೆ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಂದೇ ವಿಮಾನ ಹತ್ತಿದೆವು.

ಹೋದ ಮರುದಿನವೇ ಬಂದರಿಗೆ ಹೊರಟೆ. ಊರು ಬೂದು ಕಲ್ಲಿನದು. ಮನೆ, ಬೀದಿ, ಇಗರ್ಜಿ, ಎಲ್ಲವೂ ಒಂದೇ ಕಲ್ಲಿನಲ್ಲಿ ಕಡೆದ ಹಾಗೆ. ಬಂದರಿನ ಗೋಡೆ ನೋಡಿ ದಂಗಾದೆ. ನಮ್ಮ ಅಳಿವೆಯಲ್ಲಿ ಮರಳು ತುಂಬಿ ಬೋಟು ಒಳಗೆ ಬರಲು ಪಡುವ ಪಾಡು ನೋಡಿ ಬೆಳೆದವನು ನಾನು. ಇಲ್ಲಿ ನೋಡಿದರೆ ಒಂದರೊಳಗೆ ಒಂದು ಕೊಳ, ನಮ್ಮ ಇಡೀ ಗಂಗೊಳ್ಳಿಯ ಬೋಟುಗಳನ್ನು ತಂದು ನಿಲ್ಲಿಸಿದರೂ ಜಾಗ ಉಳಿಯುವಷ್ಟು. ಒಳಗೆ ಕಟ್ಟಿದ್ದು ಮಾತ್ರ ಬಿಳಿ ಹಾಯಿಯ ಕೆಲವು ಶೋಕಿ ದೋಣಿಗಳು, ಸಮುದ್ರದ ನಡುವೆ ನಿಲ್ಲಿಸಿದ ಗಾಳಿಯಂತ್ರಗಳಿಗೆ ಕೆಲಸದವರನ್ನು ಕರೆದೊಯ್ಯುವ ಒಂದೆರಡು ದೋಣಿ, ಏಡಿ ಹಿಡಿಯುವ ಬಲೆಪೆಟ್ಟಿಗೆ ಹೇರಿದ ಒಂದು ಸಣ್ಣ ಬೋಟು. ಮೀನಿನ ವಾಸನೆಯೇ ಇಲ್ಲ. ವಾಸನೆ ಇಲ್ಲದ ಬಂದರಿನಲ್ಲಿ ನಿಂತು ನಾನು ಮೂಗು ಏರಿಸಿ ಏರಿಸಿ ನೋಡಿದೆ. ಪಕ್ಕದಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದವನು ನನಗೆ ನೆಗಡಿಯಾಗಿದೆ ಎಂದುಕೊಂಡಿರಬೇಕು.

ಐಸ್ ಪ್ಲಾಂಟ್ ಎಲ್ಲಿತ್ತು ಎಂದು ಹುಡುಕುತ್ತ ಸಿಕ್ಕ ಸಿಕ್ಕ ಓಣಿಯಲ್ಲಿ ಇಣುಕಿದೆ. ಮೀನು ಹೊಗೆ ಹಾಕುತ್ತಿದ್ದ ಮನೆಯಲ್ಲಿ ಈಗ ಕಾಫಿ ಅಂಗಡಿ. ಬಲೆ ಒಣಗಿಸುತ್ತಿದ್ದ ಮಾಳಿಗೆಯಲ್ಲಿ ಯಾರೋ ಪರದೆ ಕಟ್ಟಿ ಸಂಸಾರ ಹೂಡಿದ್ದಾರೆ. ಹೀಗೆ ತಿರುಗುತ್ತ ಒಂದು ಹಳೆಯ ಅಂಗಳಕ್ಕೆ ಬಂದೆ. ಅದು ಮೀನಿಗೆ ಉಪ್ಪು ಹಾಕುತ್ತಿದ್ದ ಜಾಗ, ಈಗ ಊರವರೇ ಸೇರಿ ನಡೆಸುವ ಮ್ಯೂಸಿಯಂ. ಬಾಗಿಲಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಕುಳಿತಿದ್ದಳು. ಕೆಂಪು ಮುಖ, ಬಿಳಿ ಕೂದಲು, ಮಡಿಲಲ್ಲಿ ಎರಡು ಕೈ. ಆ ಕೈಗಳನ್ನು ನಾನು ಮೊದಲು ನೋಡಿದೆ. ಬೆರಳ ಗಂಟುಗಳೆಲ್ಲ ಊದಿಕೊಂಡು ಸೊಟ್ಟಗಾಗಿದ್ದವು.

ಆಕೆಯ ಇಂಗ್ಲಿಷ್ ನಾನು ಕಲಿತ ಇಂಗ್ಲಿಷ್ ಅಲ್ಲ. ಅರ್ಧ ಅರ್ಧ ಶಬ್ದ ನುಂಗಿ, ಬಾಲ ಕತ್ತರಿಸಿ, ಗಡಬಡಿಸಿ ಆಡುವ ಮಾತು. ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ಇದು ಅವರ ಕುಂದಾಪ್ರ ಕನ್ನಡ. ಬೆಂಗಳೂರಿನವರ ಮುಂದೆ ನಾವು ಮಾತಾಡಿದರೆ ಅವರಿಗೆ ಹೀಗೇ ಆಗುತ್ತದೆ. ಹಾಗೆಂದುಕೊಂಡದ್ದೇ ಕಿವಿ ತೆರೆಯಿತು. ಆಕೆಯ ಮಾತನ್ನು ನಾನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ, ಬೇರೆ ಯಾವುದರಲ್ಲೂ ಅದು ಕೂರುವುದಿಲ್ಲ.

"ಐಸ್ ಎಲ್ಲಿಂದ ಬತ್ತಿತ್ತ್?" ಎಂದು ನಾನು ಕೇಳಿದ್ದಕ್ಕೆ ಆಕೆ ತಲೆಯೆತ್ತಿ ನೋಡಿದಳು. ಬಂದವರೆಲ್ಲ ಶೌಚಾಲಯ ಎಲ್ಲಿ ಎಂದು ಕೇಳುತ್ತಿದ್ದರಂತೆ.

"ಐಸಾ? ಹೆರಿಂಗಿಗೆ ಐಸ್ ಎಂತಕೆ ಮಗಾ? ಉಪ್ಪ್. ಬೋಟ್ ಬಂದ್ ದಿನವೇ ಕರ್ಳ್ ತೆಗ್ದ್, ಉಪ್ಪ್ ಹಾಕಿ, ಪೀಪಾಯಿಗೆ ತುಂಬ್ಸಿ ಮುಗಿಸ್ಕ್."

ಹೆರಿಂಗ್ ಎಂದರೆ ನಮ್ಮ ಬೈಗೆಯ ದೊಡ್ಡ ಅಣ್ಣ ಎನ್ನಬಹುದು, ಅದೇ ಬೆಳ್ಳಿ ಮೈ, ಅದೇ ಎಣ್ಣೆ. ಅದು ಐಸಿಲ್ಲದೆ ಹಡಗು ಹತ್ತಿ ದೇಶಾಂತರ ಹೋಗುತ್ತಿತ್ತು ಎಂದರೆ ಐಸಿನವನಿಗೆ ಹೇಗಾಗಬೇಡ? ನಾನೂ ಐಸಿನವನೇ ಎಂದು ಹೇಳಿಕೊಂಡು ಒಂದಾದ ಮೇಲೊಂದು ಕೇಳಿದೆ. ಉಪ್ಪು ಕಲ್ಲುಪ್ಪೋ ಪುಡಿಯುಪ್ಪೋ? ಹೊಟ್ಟೆ ಮೇಲೋ ಕೆಳಗೋ? ಮೀನು ಬಿಟ್ಟ ನೀರನ್ನು ಚೆಲ್ಲುವುದೋ ಇಡುವುದೋ? ಆಕೆ ಕುರ್ಚಿಯಲ್ಲಿ ನೆಟ್ಟಗಾಗುತ್ತ ಬಂದಳು. ಹುಡುಗಿಯಾಗಿದ್ದಾಗ ಅದೇ ಅಂಗಳದಲ್ಲಿ ಆಕೆ ಕೆಲಸ ಮಾಡಿದ್ದಳು. ಮೂವರ ತಂಡ, ಇಬ್ಬರು ಕರುಳು ತೆಗೆಯುವವರು, ಒಬ್ಬಳು ಪೀಪಾಯಿ ತುಂಬಿಸುವವಳು. ತುಂಬಿಸುವವಳು ಈಕೆ. ಜೊತೆಯವರಲ್ಲಿ ಒಬ್ಬಳು ಈಗಿಲ್ಲ, ಇನ್ನೊಬ್ಬಳಿಗೆ ಯಾರ ಗುರುತೂ ಸಿಕ್ಕುವುದಿಲ್ಲ.

"ಮುಂದಿನ್ ವಾರ ಡಾಕ್ಟ್ರ್ ಆಪ್ರೇಶನ್ ಮಾಡಿ ಈ ಬೆರ್ಳಿನ್ ಗಂಟ್ ಕೂಡ್ಸಿ ನೆಟ್ಟಗ್ ನಿಲ್ಲಿಸ್ತ್ರಂಬ್ರ್" ಎಂದಳು. "ಮತ್ತೆ ನೋವಿಲ್ಲೆ. ಮಡ್ಚುದೂ ಇಲ್ಲೆ. ಅದ್ರೊಳ್ಗೆ ಒಂದೇ ಒಂದ್ ಪೀಪಾಯಿ ತುಂಬ್ಸ್ಕ್ ಅಂತ ನಂಗೊಂದ್ ಆಸಿ. ಇಲ್ಲಿಯೋರಿಗೆ ಹೇಳಿದ್ರೆ ಫೋಟೋ ತೆಗೂಕ್ ಬತ್ರ್, ಕೆಲ್ಸಕ್ಕೆ ಬತ್ತಿಲ್ಲೆ."

ನಾನು ಅಯ್ಯೋ ಪಾಪ ಎಂದುಕೊಂಡೆ, ಆದರೆ ಆ ಮಾತು ನನಗೆ ಹೇಳಿದ್ದು ಎಂದು ಹೊಳೆಯಲಿಲ್ಲ. ನನ್ನ ತಲೆ ಆಗಲೇ ಮುಂದಿನ ಪ್ರಶ್ನೆಯಲ್ಲಿತ್ತು. ಸಮುದ್ರಕ್ಕೆ ಹೊರಟವರಿಗೆ ಅಲ್ಲಿ ಏನೇನು ಶಕುನ ಎಂದು ಕೇಳಿದೆ. ಬೋಟಿಗೆ ಹೊರಟ ಅಪ್ಪನಿಗೆ ಎಲ್ಲಿಗೆ ಎಂದು ಮನೆಯಲ್ಲಿ ಯಾರೂ ಕೇಳಬಾರದಿತ್ತು, ಕೇಳಿದರೆ ಆತ ಆ ದಿನ ಬೋಟು ಹತ್ತುತ್ತಲೇ ಇರಲಿಲ್ಲ ಎಂದಳು ಅಜ್ಜಿ. ನನಗೆ ಮೈ ಜುಮ್ಮೆಂದಿತು. ನಮ್ಮಲ್ಲೂ ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ. ಬೇಕಾದರೆ ‘ದೂರ ಹೊರಟದ್ದಾ?’ ಎನ್ನಬಹುದು, ಅಷ್ಟೇ. ಎಲ್ಲಿಯ ಗಂಗೊಳ್ಳಿ, ಎಲ್ಲಿಯ ಈ ಕಲ್ಲಿನ ಊರು! ಎಲ್ಲಿಗೆ ಎಂದು ಕೇಳದ ಜನಕ್ಕೆ ಹೋಗುತ್ತೇನೆ ಎನ್ನಬಾರದು ಎಂಬುದೂ ತಿಳಿದೇ ಇರುತ್ತದೆ ಎಂದು ನಾನು ನಂಬಿಬಿಟ್ಟೆ. ಬಹಳ ಖುಷಿಯಿಂದ, ನಮ್ಮವರೊಬ್ಬರ ಮನೆಯಿಂದ ಹೊರಟವನ ಹಾಗೆ, "ಬತ್ತೆ ಅಮ್ಮ" ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

"ಹೌದಾ? ಬಾ ಹಂಗಾರೆ" ಎಂದಳು ಆಕೆ. ಉತ್ತರ ಕೂಡ ಊರಿನದರ ಹಾಗೇ ಬಂದದ್ದು ನನ್ನ ಗ್ರಹಚಾರ.

ಅದಾದ ಮೇಲೆ ನಾವು ತಿರುಗಾಟಕ್ಕೆ ಹೋಗಿದ್ದೆವು. ಒಂದು ಹಾಳು ಕೋಟೆ, ಒಂದು ದೀಪಸ್ತಂಭ, ಕಡಲ ಬಂಡೆಯ ಮೇಲೆ ಗೂಡು ಕಟ್ಟುವ ಹಕ್ಕಿ. ಅಜ್ಜಿ ಬಾಗಿಲು ತೆರೆದಿಟ್ಟು, ಮೀನಿನ ಪೆಟ್ಟಿಗೆ ಪಕ್ಕದಲ್ಲಿಟ್ಟು, ದಾರಿ ನೋಡುತ್ತ ಕುಳಿತದ್ದು ಆಗ.

ಮೀನು ಅಂದ ಮೇಲೆ ನಾಳೆ ಎಂಬುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಊಟದ ಹೊತ್ತಿಗೂ ಹಗಲಿನ ಬೆಳಕು. ನಾದಿನಿ ಸುದ್ದಿ ಹೇಳಿದ್ದೇ "ಈಗ್ಲೇ ಹೋಪ" ಎಂದೆ. ನಾದಿನಿಯ ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ಒಂದು ಚೀಲಕ್ಕೆ ತಟ್ಟಿ ಸುರಿದುಕೊಂಡೆ. ಗಡ್ಡೆಗಟ್ಟಲೆ ಐಸು ಕೊಟ್ಟು ರೂಢಿಯಾದವನು ಶರಬತ್ತಿಗೆ ಹಾಕುವ ತುಂಡುಗಳನ್ನು ಹೊತ್ತುಕೊಂಡು ಇಳಿಜಾರಿನಲ್ಲಿ ಓಡುತ್ತಿದ್ದೆ. ಹಿಂದೆ ಹೆಂಡತಿ.

"ಹ್ವಾಯ್, ಮೆಲ್ಲ ಮರ್ರೆ! ನಿಮ್ಮ್ ಚೀಲ ಸೋರ್ತಿತ್ತ್!"

ಅಜ್ಜಿ ಅಂಗಳದಲ್ಲೇ ಇದ್ದಳು. ಉದ್ದದ ಮೇಣಬಟ್ಟೆಯ ಏಪ್ರನ್ ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ಮುಂದೆ ಉದ್ದನೆಯ ಮೇಜು, ಒಂದು ಸಣ್ಣ ಪೀಪಾಯಿ, ಬಕೆಟಿನಲ್ಲಿ ಉಪ್ಪು, ಒದ್ದೆ ಗೋಣಿ ಮುಚ್ಚಿದ ಪೆಟ್ಟಿಗೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಬಂದ್ಯಾ. ಕೈ ತೊಳ್ಕೊ."

ನಾನು ತಡವರಿಸುತ್ತ ನಮ್ಮ ಪದ್ಧತಿ ವಿವರಿಸಿದೆ. ಹೋಗುವವರು ಬರುತ್ತೇನೆ ಎನ್ನುವುದು, ಅದಕ್ಕೆ ಅರ್ಥ ಬರುತ್ತೇನೆ ಎಂದಲ್ಲ, ಹೋಗುತ್ತೇನೆ ಎಂದೂ ಅಲ್ಲ ಎಂದು. ಹೇಳುತ್ತ ಹೇಳುತ್ತ ನನಗೇ ಅದು ಹುಚ್ಚರ ಮಾತಿನ ಹಾಗೆ ಕೇಳಿಸತೊಡಗಿತು. ಅಜ್ಜಿ ಗಂಭೀರವಾಗಿ ಯೋಚಿಸಿದಳು.

"ಹೋಪವ್ರೆಲ್ಲ ಬತ್ತೆ ಅಂದ್ರೆ, ನಿಮ್ಮೂರಿನ್ ಹೆಂಗಸ್ರ್ ಯಾರಿಗಂತ ಅಡ್ಗಿ ಮಾಡುದ್?"

ಹೆಂಡತಿಗೆ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. "ಸಮಾ ಕೇಂಡ್ರ್ ಕಾಣಿ" ಎಂದು ಆಕೆ ಅಜ್ಜಿಯ ಪಕ್ಷ ಸೇರಿಬಿಟ್ಟಳು.

ಗೋಣಿ ಎತ್ತಿದೆ. ಐಸು ಸಾಲಲಿಲ್ಲ ಎಂದು ನೋಡಿದ್ದೇ ಗೊತ್ತಾಯಿತು. ಮೇಲಿನ ಸಾಲಿನ ಕಣ್ಣು ಇನ್ನೂ ಹೊಳೆಯುತ್ತಿತ್ತು. ಕೆಳಗೆ, ಉಪ್ಪಿನ ಬಕೆಟಿನಲ್ಲಿದ್ದ ಸಲಿಕೆಯ ಹಿಡಿಯಿಂದ ಸರಿಸಿ ನೋಡಿದೆ. ಐಸು ಕರಗಿ ನೀರು ನಿಂತಿತ್ತು, ಹೊಟ್ಟೆ ಮೆತ್ತಗಾಗಿತ್ತು, ಕಿವಿರಿನ ಕೆಂಪು ಮಾಸಿ ಕಂದಾಗಿತ್ತು. ನಮ್ಮ ಧಕ್ಕೆಯಲ್ಲಾದರೆ ಅದು ಗೊಬ್ಬರಕ್ಕೆ ಹೋಗುವ ಮೀನು. ನನ್ನ ಚೀಲದ ಐಸು ಇನ್ನು ಏನನ್ನೂ ಉಳಿಸುವಂತಿರಲಿಲ್ಲ. ಗೋಣಿಯನ್ನು ಮತ್ತೆ ಮುಚ್ಚಲು ಹೋದೆ.

"ಹೇಳ್" ಎಂದಳು ಅಜ್ಜಿ. "ಐಸಿನವ ಅಲ್ದಾ ನೀನು? ಚಂದ ಇತ್ತ್ ಚಂದ ಇತ್ತ್ ಅಂಬೋರ್ ನಂಗೆ ಬೇಕಾದಷ್ಟ್ ಜನ ಇದ್ರ್."

"ಮೇಲಿನ್ ಅರ್ಧ ಅಡ್ಡಿಲ್ಲೆ. ಕೆಳ್ಗಿನದ್ ಆಪ್ದಲ್ಲ."

ಆಕೆ ತಲೆಯಾಡಿಸಿದಳು. ಅವಳಿಗೂ ಅದು ಗೊತ್ತಿತ್ತು. "ಹಂಗಾರೆ ಆ ಅರ್ಧವೇ ಸೈ. ಕತ್ತಿ ತಕೋ" ಎಂದು ಗಿಡ್ಡ ಅಲಗಿನ ಒಂದು ಚೂರಿಯನ್ನು ನನ್ನ ಕಡೆಗೆ ದೂಡಿದಳು.

ನಾನು ಚೂರಿಯನ್ನೂ ಮೀನನ್ನೂ ನೋಡಿದೆ. ಅಪ್ಪಯ್ಯ ನೀರಿಗೆ ಮಾತ್ರ ಅನುಮತಿ ಕೊಟ್ಟಿದ್ದರು. ಆಗ ನನ್ನ ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಹುಟ್ಟಿದ ಮೇಲೆ ಈರುಳ್ಳಿಯನ್ನೂ ವಾರ-ತಿಥಿ ನೋಡಿಯೇ ಹೆಚ್ಚಿದವಳು ಅವಳು.

"ಮುದ್ಕಿಯನ್ನ್ ಕಾಯ್ಸಿ, ಮೀನನ್ನೂ ಹಾಳ್ ಮಾಡಿ, ಈಗ ಮಡಿ ನೆನ್ಪಾತಾ ನಿಮ್ಗೆ? ತಿಂಬುಕೆ ಹೇಳಿದ್ರಾ ಅವ್ರ್? ಕೊಡಿ ಇಲ್ಲಿ!"

ಕೊಡಲಿಲ್ಲ. ನಾಚಿಕೆಯಾಗಿ ನಾನೇ ಒಂದು ಮೀನು ಎತ್ತಿಕೊಂಡೆ. ತಣ್ಣಗೆ, ಜಾರಿ, ಅಂಗೈಯಲ್ಲಿ ನಿಲ್ಲಲೇ ಇಲ್ಲ. ಅಜ್ಜಿ ತನ್ನ ಸೊಟ್ಟ ಬೆರಳುಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಲೇ ಹೇಳಿಕೊಟ್ಟಳು. ಕಿವಿರಿನ ಕೆಳಗೆ ಚುಚ್ಚು, ತಿರುಗಿಸು, ಎಳೆ. ಒಂದೇ ಎಳೆತಕ್ಕೆ ಕರುಳು ಬರಬೇಕು. ನನ್ನ ಮೊದಲ ಮೀನು ಕುತ್ತಿಗೆಯೇ ಹರಿದು ಬಂತು. ಇನ್ನೊಂದು ಚೂರಿ ಹುಡುಕಿಕೊಂಡ ಹೆಂಡತಿ ಎಣ್ಣೆಗಾಯಿಗೆ ಬದನೆಕಾಯಿ ಸೀಳಿದಷ್ಟು ಸಲೀಸಾಗಿ ಮುಂದೆ ಮುಂದೆ ಹೋದಳು. ನಡುನಡುವೆ "ಊರಲ್ ಬಾಯಿ ಬಿಟ್ರೆ ಕಾಣಿ" ಎಂದು ನನ್ನನ್ನು ಹೆದರಿಸುತ್ತಿದ್ದಳು.

ನಾವು ತೆಗೆದು ಕೊಟ್ಟದ್ದನ್ನು ಅಜ್ಜಿ ಉಪ್ಪಿನಲ್ಲಿ ಹೊರಳಿಸಿ ಪೀಪಾಯಿಯೊಳಗೆ ಇಡುತ್ತಿದ್ದಳು. ಹೊಟ್ಟೆ ಮೇಲೆ, ತಲೆ ಅಂಚಿಗೆ. ಒಂದು ಸಾಲು ಮುಗಿದರೆ ಉಪ್ಪು, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಸಾಲು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಎರಡು ಅಂಗೈಗಳ ನಡುವೆ ಮೀನನ್ನು ಹಿಡಿದು ಇಳಿಸುತ್ತಿದ್ದಳು. ಆಗಾಗ ನಿಲ್ಲಿಸಿ, ಕೈಗಳನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡು, ಮತ್ತೆ ಶುರು ಮಾಡುತ್ತಿದ್ದಳು. ನನಗೆ ಭಯ. ಪ್ರತಿ ಸಲ ಆಕೆ ನಿಲ್ಲಿಸಿದಾಗಲೂ ಇನ್ನು ಆಗದು ಎನ್ನುತ್ತಾಳೆ ಎಂದುಕೊಳ್ಳುತ್ತಿದ್ದೆ. ಹೆಂಡತಿಗೂ ಹಾಗೇ ಅನಿಸಿರಬೇಕು, ಬೇಕೆಂದೇ ನಿಧಾನ ಮಾಡಿದಳು. ಅಜ್ಜಿ ಮೇಜಿನ ಮೇಲೆ ಪಟಪಟ ಬಡಿದಳು.

"ನಿದ್ರಿ ಬತ್ತಾ? ಕೊಡಿ ಬೇಗ!"

ಆಮೇಲೆ ಕೈಗಳಷ್ಟೇ ಓಡಿದವು. ಚೂರಿಯ ಸದ್ದು, ಉಪ್ಪಿನ ಸದ್ದು. ನನ್ನ ಕೈಗೂ ಒಂದು ಹದ ಸಿಕ್ಕಿತು. ಆ ಬಂದರಿಗೆ ಬಂದ ಮೇಲೆ ಮೊದಲ ಸಲ ಮೂಗಿಗೆ ಮೀನಿನ ವಾಸನೆ ಬಂತು. ನಿಜ ಹೇಳುತ್ತೇನೆ, ಹಿತವೆನಿಸಿತು.

ಪೀಪಾಯಿ ಅರ್ಧಕ್ಕೆ ಬಂದಿತ್ತು. ಅಜ್ಜಿ ಇನ್ನೊಂದಕ್ಕಾಗಿ ಮೇಜಿನ ಕಡೆ ಕೈ ಚಾಚಿದಳು. ಕೈ ಹಾಗೆಯೇ ಚಾಚಿಕೊಂಡಿತ್ತು.

"ಮುಗೀತಾ?"

"ಮುಗೀತ್ ಅಮ್ಮ."

ಆಕೆ ತನ್ನ ಎರಡೂ ಕೈಗಳನ್ನು ಎತ್ತಿ ಅತ್ತಿತ್ತ ತಿರುಗಿಸಿ ನೋಡಿಕೊಂಡಳು. ಪಟ್ಟಿಗಳು ಒದ್ದೆಯಾಗಿದ್ದವು, ಮೇಲೆಲ್ಲ ಮೀನಿನ ಬೆಳ್ಳಿ ಹುರುಪೆ ಅಂಟಿತ್ತು.

"ಮೊದ್ಲ್ ಕೈ ಸೋಲ್ತ್ ಅಂದ್ಕಂಡಿದ್ದೆ" ಎಂದಳು. "ಆ ಕಾಲ್ದಲ್ಲೂ ಹಿಂಗೇ ಆದದ್ದ್ ಮಗಾ. ಕೈ ಗಟ್ಟಿ ಇದ್ದಿತ್ತ್. ಮೀನ್ ಮುಗೀತ್."

ಗೋಣಿಯ ಕೆಳಗೆ ಉಳಿದ ಅರ್ಧ ಪೆಟ್ಟಿಗೆಯ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಮೀನು ಬಂದ ದಿನವೇ ನಾನು ಬಂದಿದ್ದರೆ ಪೀಪಾಯಿ ತುಂಬುತ್ತಿತ್ತು. ಅಜ್ಜಿ ಮಾತ್ರ ಅದನ್ನು ಎತ್ತಲೇ ಇಲ್ಲ. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿ, ನಾನು ಆಕೆಯನ್ನು ಕೇಳಿದಷ್ಟೇ ಕುತೂಹಲದಿಂದ ಕೇಳಿದಳು, ನಿಮ್ಮ ಸಮುದ್ರದಲ್ಲಿ ಹೇಗೆ, ಮೀನು ಉಂಟೋ ಎಂದು.

ನಾನು ನಮ್ಮ ಧಕ್ಕೆಯಲ್ಲಿ ಕಟ್ಟಿ ನಿಂತ ಬೋಟುಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದೆ. ಹೆಂಡತಿ ಪ್ರಶ್ನೆ ಏನೆಂದು ಕೇಳಿದಳು, ಹೇಳಿದೆ.

"ಅದಕ್ಕ್ ಅಷ್ಟ್ ಯೋಚ್ನಿ ಎಂತಕೆ? ಇತ್ತ್ ಅಂತ ಹೇಳಿ ಮರ್ರೆ" ಎಂದಳು.

ನಮ್ಮ ಕುಂದಾಪ್ರ ಕನ್ನಡದಲ್ಲಿ ಇತ್ತ್ ಎಂದರೆ ಇದೆ ಎಂದೇ ಅರ್ಥ. ಹುಟ್ಟಿದಾಗಿನಿಂದ ಅದನ್ನು ಹಾಗೇ ಕೇಳಿದವನು, ಹಾಗೇ ಆಡಿದವನು ನಾನು. ಆ ಸಂಜೆ ಮಾತ್ರ ಆ ಮಾತು ನನಗೆ ಪುಸ್ತಕದ ಕನ್ನಡದ ‘ಇತ್ತು’ ಆಗಿ ಕೇಳಿಸಿತು.